ಹಿಮ್ಮಡಿ ಕೆಳಗಿನ ಪ್ಲೇಟು

ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಷ್ಟು ಕಾಲವೂ ಬೋರಯ್ಯನ ಕೆಲಸವೇ ಇನ್ನೊಬ್ಬರಿಗೆ ಹೇಳುವುದಾಗಿತ್ತು. ಒಳಗೆ ನಡೀರಿ, ಕೈ ಹೊರಗೆ ಹಾಕ್ಬೇಡಿ, ಮಗೂನ ತೊಡೆ ಮೇಲೆ ಕೂರಿಸ್ಕಳಮ್ಮ, ಆ ಚೀಲ ದಾರೀಲಿ ಇಟ್ರೆ ಜನ ಎಲ್ಲಿ ಕಾಲಿಡ್ಬೇಕು. ಚಳ್ಳಕೆರೆಯಿಂದ ತಳಕು, ಹಾನಗಲ್ಲು, ಮೊಳಕಾಲ್ಮೂರು, ರಾಂಪುರದವರೆಗಿನ ಆ ದಾರಿಯಲ್ಲಿ ಅವನಿಂದ ಒಂದು ಮಾತು ಹೇಳಿಸಿಕೊಳ್ಳದವರು ಕಡಿಮೆ. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಹೆಗಲಿಗೆ ಚೀಲ ತೂಗುಹಾಕಿಕೊಂಡವನು ಹೇಳಿದರೆ ಕೇಳಬೇಕು, ಅಷ್ಟೆ. ನಿವೃತ್ತಿಯ ದಿನ ಚೀಲ ಡಿಪೋದಲ್ಲಿ ಉಳಿಯಿತು. ಮಾತು ಅವನ ಜೊತೆ ಮನೆಗೆ ಬಂತು.

ಜೊತೆಗೆ ಬೆನ್ನುನೋವೂ ಬಂತು. ಓಡುವ ಬಸ್ಸಿನಲ್ಲಿ ನಿಂತೇ ಕಳೆದ ಆಯುಷ್ಯ ಸೊಂಟದಲ್ಲಿ ಗಟ್ಟಿಯಾಗಿ ಕೂತು, ಒಂದು ಬೆಳಿಗ್ಗೆ ಅವನು ಹಾಸಿಗೆಯಿಂದ ಏಳಲಾರದೆ ಹೋದ. ಚಿತ್ರದುರ್ಗದಲ್ಲಿ ಒಬ್ಬ ಫಿಸಿಯೋಥೆರಪಿ ಹುಡುಗಿ ಅವನಿಗೆ ಬಗ್ಗುವುದನ್ನೂ ಏಳುವುದನ್ನೂ ಮೊದಲಿನಿಂದ ಕಲಿಸಿದಳು. ನೋವು ಹೋಯಿತು. ಆಮೇಲೆ ಬೋರಯ್ಯನಿಗೆ ಲೋಕವೆಲ್ಲ ತಪ್ಪಾಗಿ ಬಗ್ಗುತ್ತಿರುವಂತೆ ಕಾಣತೊಡಗಿತು. ಬಿಂದಿಗೆ ಎತ್ತುವ ಹೆಂಡತಿ ಮುದ್ದಕ್ಕನಿಗೆ ಹೇಳಿದ. ತನ್ನೂರು ದೊಡ್ಡಉಳ್ಳಾರ್ತಿಗೆ ಹೋದಾಗ ಶೇಂಗಾ ಚೀಲ ಹೊರುತ್ತಿದ್ದ ಅಣ್ಣನ ಮಕ್ಕಳನ್ನು ನಿಲ್ಲಿಸಿ ಹೇಳಿದ. ಅವರು ನಕ್ಕರು, ಅವನು ನಗಲಿಲ್ಲ.

ಬೆನ್ನು ಗಟ್ಟಿಯಾಗಿರಲೆಂದು ಅವನು ಜಿಮ್ಮಿಗೆ ಸೇರಿದ. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಮಹಡಿ ಮೇಲೆ ಮಹಾಂತೇಶ ಎಂಬುವನ ಜಿಮ್ಮು. ಬೆಳಗಿನ ಹೊತ್ತು ಅಲ್ಲಿಗೆ ಬರುವವರಲ್ಲಿ ಬೋರಯ್ಯನೇ ಹಿರಿಯ. ತನ್ನ ವ್ಯಾಯಾಮ ಬೇಗ ಮುಗಿಸಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಬಸ್ಸಿನಲ್ಲಿ ಓಡಾಡಿದ ಹಾಗೆ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದ. ಮೊಣಕೈ ಒಳಗಿರಲಿ. ಕತ್ತು ಎತ್ತು. ಉಸಿರು ಹಿಡೀಬೇಡ. ಟಿಪ್ಪರ್ ಓಡಿಸುವ ಪ್ರಭು ಎಂಬ ಹುಡುಗನ ಭುಜದ ನೋವು ಬೋರಯ್ಯನ ಮಾತಿನಿಂದಲೇ ವಾಸಿಯಾಯಿತೆಂದು ಆ ಹುಡುಗನೇ ಎಲ್ಲರೆದುರು ಹೇಳಿದ. ಅಲ್ಲಿಗೆ ಬೋರಯ್ಯನಿಗೆ ಇನ್ಯಾವ ಅನುಮಾನವೂ ಉಳಿಯಲಿಲ್ಲ.

ಮಹಾಂತೇಶ ಮಾತ್ರ ಒಮ್ಮೆ ಅವನನ್ನು ಮೆಟ್ಟಿಲ ಹತ್ತಿರ ಕರೆದು ಮೆಲ್ಲಗೆ ಹೇಳಿದ್ದ: "ಬೋರಣ್ಣ, ಹುಡುಗ್ರಿಗೆ ಏನಾರ ಹೇಳ್ಕಳಿ. ಹೆಣ್ಮಕ್ಳ ತಂಟೆಗೆ ಮಾತ್ರ ಹೋಗ್ಬೇಡಿ. ಅವರು ಬರೋದೇ ಕಷ್ಟದ ಮೇಲೆ."

"ನಾನೇನು ಕೆಟ್ಟದ್ದು ಹೇಳ್ತೀನೇನಪ್ಪ?"

"ಕೆಟ್ಟದ್ದು ಅಂತಲ್ಲ. ಕೇಳಿದ್ರೆ ಹೇಳಿ."

ಬೋರಯ್ಯ ತಲೆಯಾಡಿಸಿದ. ಮನಸ್ಸಿನಲ್ಲಿ ಅದು ಅವನಿಗೆ ಸರಿಬರಲಿಲ್ಲ. ಬೀಳುವವನು ಕೇಳಿಯಾನೇ, ನನ್ನನ್ನು ಹಿಡಿದುಕೋ ಎಂದು?

ಆ ಬೇಸಿಗೆಯಲ್ಲಿ ಮೌನಿಕಾ ಬರತೊಡಗಿದಳು. ಮೊಳಕಾಲ್ಮೂರಿನ ನೇಕಾರರ ಹುಡುಗಿ. ಚಳ್ಳಕೆರೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಪೊಲೀಸ್ ಪೇದೆಯ ಕೆಲಸಕ್ಕೆ ತಯಾರಿ ನಡೆಸಿದ್ದಳು. ಬರವಣಿಗೆಯ ಪರೀಕ್ಷೆ ಮುಗಿದಿತ್ತು. ಇನ್ನು ಉಳಿದಿದ್ದುದು ಓಟ, ಉದ್ದಜಿಗಿತ, ಗುಂಡು ಎಸೆತ. ಅದಕ್ಕೆ ಕೆಲವೇ ವಾರಗಳಿದ್ದವು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬರುವಳು, ಯಾರ ಕಡೆಗೂ ನೋಡಳು, ಮುಗಿಸಿ ಹೊರಡುವಳು. ಅವಳು ಮಾತಾಡುತ್ತಿದ್ದುದು ಜಿಮ್ಮಿಗೆ ಬರುತ್ತಿದ್ದ ಸ್ವಪ್ನಳೊಡನೆ ಮಾತ್ರ. ಸ್ವಪ್ನ ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು.

ಬೋರಯ್ಯನ ಕಣ್ಣಿಗೆ ಬಿದ್ದದ್ದು ಮೌನಿಕಾಳ ಕಾಲು. ಭಾರ ಸಿಕ್ಕಿಸಿದ ಕಬ್ಬಿಣದ ಬಾರನ್ನು ಭುಜದ ಮೇಲಿಟ್ಟು ಕುಕ್ಕರಿಸಿ ಏಳುವ ಸ್ಕ್ವಾಟ್ ಮಾಡುವಾಗ ಅವಳು ಬಲಗಾಲಿನ ಹಿಮ್ಮಡಿ ಕೆಳಗೆ ಒಂದು ಸಣ್ಣ ಕಬ್ಬಿಣದ ಪ್ಲೇಟು ಇಟ್ಟುಕೊಳ್ಳುತ್ತಿದ್ದಳು. ಬಲಗಾಲಿಗೆ ಮಾತ್ರ. ಎಡಗಾಲು ನೆಲದ ಮೇಲೆಯೇ. ಹೀಗೆ ಓರೆಯಾಗಿ ನಿಂತು ಅಷ್ಟು ಭಾರ ಹೊತ್ತರೆ ಸೊಂಟ ಏನಾಗಬೇಕು? ಬೋರಯ್ಯನಿಗೆ ತನ್ನ ಹಾಸಿಗೆ, ತಾನು ಏಳಲಾರದೆ ಬಿದ್ದಿದ್ದ ಆ ಬೆಳಿಗ್ಗೆ ನೆನಪಾಗುತ್ತಿತ್ತು. ದಿನವೂ ನೋಡಿದ. ದಿನವೂ ಮಹಾಂತೇಶನ ಮಾತು ನೆನೆದು ಬಾಯಿ ಬಿಗಿಹಿಡಿದ. ಮನೆಗೆ ಬಂದು ಮುದ್ದೆ ಮುರಿಯುವಾಗಲೂ ಆ ಪ್ಲೇಟು ಕಣ್ಣೆದುರು ಬರುತ್ತಿತ್ತು.

ಒಂದು ಸೋಮವಾರ ಮಹಾಂತೇಶ ಹಿರಿಯೂರಿಗೆ ಹೋಗಿದ್ದ. ಮೌನಿಕಾ ಒಂದು ಸುತ್ತು ಮುಗಿಸಿ ಬಾರನ್ನು ರ‍್ಯಾಕಿಗೆ ತೂಗುಹಾಕಿ ನೀರು ಕುಡಿಯುತ್ತಿದ್ದಳು. ಬೋರಯ್ಯ ಹೋದವನೇ ಬಗ್ಗಿ, ಸರಿಯಾಗಿಯೇ ಬಗ್ಗಿ, ಪ್ಲೇಟನ್ನು ಎತ್ತಿ ಗೋಡೆಯ ಪಕ್ಕಕ್ಕೆ ಇಟ್ಟ.

ಅವಳು ಇಯರ್‌ಫೋನ್ ತೆಗೆದಳು. "ಸಾರ್, ಅದು ನಂಗೆ ಬೇಕು."

"ಬೇಡ ಕಣಮ್ಮ. ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಕಂಡ್ರೆ ಸೊಂಟ ತಿರುಚ್ಕಂತೈತೆ. ನಾನು ಅನುಭವಿಸಿ ಹೇಳ್ತಿರೋದು."

"ಇಲ್ಲ ಸಾರ್, ನಂಗೆ ಹಂಗೇ..."

"ನಿಮ್ಮಪ್ಪನ ವಯಸ್ಸಿನೋನು ನಾನು. ಒಂದ್ಸಲ ಮಾಡಿ ನೋಡು. ಎರಡೂ ಪಾದ ಸಮ ಇಡು. ಬೆರಳು ನೇರ."

ಡಂಬೆಲ್‌ಗಳ ಸದ್ದು ನಿಂತಿತ್ತು. ಪ್ರಭುವೂ ಇನ್ನಿಬ್ಬರೂ ಈ ಕಡೆ ನೋಡುತ್ತಿದ್ದರು. ಮೌನಿಕಾ ಅವರನ್ನೊಮ್ಮೆ, ಗೋಡೆ ಪಕ್ಕದ ಪ್ಲೇಟನ್ನೊಮ್ಮೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಆಮೇಲೆ ಬಾರಿನ ಕೆಳಗೆ ಹೋಗಿ ನಿಂತಳು.

"ಹಾಂ, ಹಂಗೆ," ಎಂದ ಬೋರಯ್ಯ ಹಿಂದೆ ನಿಂತು. "ನಿಧಾನ. ಇನ್ನೂ ಕೆಳಗೆ. ಎದೆ ಮುಂದೆ."

ಮೊದಲ ಸಲ ಅವಳು ಎದ್ದಳು. ಎರಡನೆಯ ಸಲ ಇಳಿಯುವಾಗ ಬಲ ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿತು. ಭಾರವೆಲ್ಲ ಮುಂದಕ್ಕೆ ವಾಲಿತು. ಬೆನ್ನು ಬಾಗಿತು.

"ಹಿಮ್ಮಡಿ ಊರು! ಊರು!" ಎಂದು ಬೋರಯ್ಯ ಕೂಗಿದ.

ಅವಳು ಊರಲು ನೋಡಿದಳು. ಅವಳ ಗಂಟಲಿಂದ ಸಣ್ಣದೊಂದು ಸದ್ದು ಬಂತು. ಬಿಕ್ಕಳಿಕೆಯಷ್ಟು ಸಣ್ಣದು. ಬಾರು ಪಕ್ಕದ ಕಬ್ಬಿಣದ ಆಧಾರದ ಮೇಲೆ ಧಡಾರನೆ ಬಿತ್ತು. ಮೌನಿಕಾ ಮಂಡಿಯೂರಿ, ಎರಡೂ ಕೈ ನೆಲಕ್ಕೆ ಊರಿ, ಅಲ್ಲಾಡದೆ ಹಾಗೇ ಉಳಿದಳು.

"ಉಸಿರು ಬಿಡಮ್ಮ, ಉಸಿರು ಬಿಡು," ಎಂದ ಬೋರಯ್ಯ.

"ಸುಮ್ನಿರ‍್ರೀ!" ಎಂದು ಚೀರಿದವಳು ಸ್ವಪ್ನ. ಆ ತುದಿಯಿಂದ ಓಡಿಬಂದು ಮೌನಿಕಾಳ ಸೊಂಟಕ್ಕೆ ಕೈಯಿಟ್ಟಳು. ಮುಟ್ಟಿದ್ದೇ ಹುಡುಗಿ ಹಲ್ಲು ಕಚ್ಚಿದಳು. ಪ್ರಭು ಆಟೋ ತರಲು ಕೆಳಗೆ ಓಡಿದ. ಇಬ್ಬರು ಹಿಡಿದು ಮೆಟ್ಟಿಲು ಇಳಿಸುವಾಗ ಮೌನಿಕಾಳ ಮುಖ ಸುಣ್ಣದ ಹಾಗಿತ್ತು. ಅವಳು ಅಳುತ್ತಿರಲಿಲ್ಲ. ಅತ್ತಿದ್ದರೆ ಬೋರಯ್ಯನಿಗೆ ಎಷ್ಟೋ ವಾಸಿಯಿತ್ತು.

ಆಟೋ ಹತ್ತುವ ಮುನ್ನ ಸ್ವಪ್ನ ತಿರುಗಿ ಅವನ ಹತ್ತಿರ ಬಂದಳು. ದನಿ ತಗ್ಗಿಸಿ ಹೇಳಿದಳು: "ಚಿಕ್ಕೋಳಿದ್ದಾಗ ಬೈಕಿಂದ ಬಿದ್ದು ಅವಳ ಬಲ ಪಾದದ ಕೀಲು ಮುರಿದಿತ್ತು. ಅದು ಪೂರ್ತಿ ಮಡಚಲ್ಲ. ಪ್ಲೇಟು ಇಟ್ಕೋ ಅಂತ ಹೇಳಿದ್ದು ಡಾಕ್ಟ್ರು. ಊರಲ್ಲಿ ಸುದ್ದಿ ಆದ್ರೆ ಕಾಲು ಸರಿಯಿಲ್ಲ ಅಂತಾರೆ ಅನ್ನೋ ಭಯಕ್ಕೆ ಜಿಮ್ಮಲ್ಲಿ ನನ್ನ ಬಿಟ್ರೆ ಯಾರಿಗೂ ಹೇಳಿರ್ಲಿಲ್ಲ. ಗೊತ್ತಾಯ್ತಾ?"

ಆಟೋ ಹೊರಟಿತು.

ಸಂಜೆ ಮಹಾಂತೇಶ ಫೋನ್ ಮಾಡಿದ. ಬೈಯಲಿಲ್ಲ. "ಬೋರಣ್ಣ, ಸ್ವಲ್ಪ ದಿನ ಬರ್ಬೇಡಿ," ಎಂದ. ಫೋನ್ ಇಟ್ಟ.

ಮರುದಿನ ಮುದ್ದಕ್ಕ ಕೇಳಿದಳು, ಯಾಕೆ ಜಿಮ್ಮಿಗೆ ಹೋಗಲಿಲ್ಲ ಎಂದು. ಮಷೀನು ರಿಪೇರಿ ಎಂದ. ಅವಳು ಬಾಗಿ ಬಿಂದಿಗೆ ಎತ್ತಿದಳು. ಎಂದಿನ ತಪ್ಪು ರೀತಿಯಲ್ಲೇ ಎತ್ತಿದಳು. ಅವನು ಏನೂ ಅನ್ನದಿದ್ದುದನ್ನು ಕಂಡು ಬಿಂದಿಗೆ ಕೆಳಗಿಟ್ಟು ಅವನ ಹಣೆ ಮುಟ್ಟಿ ನೋಡಿದಳು.

ಬೋರಯ್ಯ ನರ್ಸಿಂಗ್ ಹೋಮಿನ ಗೇಟಿನ ಹತ್ತಿರ ಸ್ವಪ್ನಳಿಗಾಗಿ ಕಾದ. ಸ್ನಾಯು ಹರಿದಿದೆ, ಮೂಳೆಗೆ ಏನೂ ಆಗಿಲ್ಲ, ಮಲಗಿರಬೇಕು, ಮೊಳಕಾಲ್ಮೂರಿಗೆ ಕರಕೊಂಡು ಹೋಗಿದ್ದಾರೆ ಎಂದು ಅವಳು ಹೇಳಿದಳು. ಪರೀಕ್ಷೆ? "ನೋಡ್ಬೇಕು."

"ನಾನೊಂದ್ಸಲ ಹೋಗಿ ನೋಡ್ಕಂಡು ಬರ್ತೀನಮ್ಮ. ತಪ್ಪಾಯ್ತು ಅಂತ ಹೇಳ್ಬೇಕು."

"ಬೇಡ. ಹೋಗ್ಬೇಡಿ."

"ಯಾಕೆ?"

"ಅವಳು ಕರೆದಿಲ್ಲವಲ್ಲ," ಎಂದಳು ಸ್ವಪ್ನ.

ಆದರೂ ಅವನು ಹೋದ. ಹೇಳಿಬಿಡದೆ ಉಸಿರಾಡಲು ಆಗದ ಸ್ಥಿತಿ ಅವನದು. ಎದೆಯ ಭಾರ ಇಳಿಸುವುದು ಅವಳ ಮನೆಯ ಬಾಗಿಲಲ್ಲೇ ಆಗಬೇಕಿತ್ತು. ಬೆಳಿಗ್ಗೆಯ ಬಸ್ಸು ಹತ್ತಿ ತಾನು ಎಷ್ಟೋ ವರ್ಷ ನಿಂತು ಸಾಗಿದ ದಾರಿಯಲ್ಲಿ ಕಿಟಕಿ ಪಕ್ಕ ಕೂತ. ತಳಕು ದಾಟಿದ ಮೇಲೆ ಒಬ್ಬ ಹುಡುಗ ಕಿಟಕಿಯಿಂದ ತೋಳು ಹೊರಹಾಕಿದ. ಬೋರಯ್ಯ ನೋಡಿದ, ನಾಲಿಗೆ ಎದ್ದಿತು. ಎದುರಿನಿಂದ ಲಾರಿ ಬರುತ್ತಿತ್ತು. ಹೇಳಬೇಕೋ ಬೇಡವೋ ಎಂದು ಅವನು ತೊಳಲಾಡುತ್ತಿರುವಾಗಲೇ ಈಗಿನ ಕಂಡಕ್ಟರ್ ಕೂಗಿದ, ಹುಡುಗ ಕೈ ಒಳಗೆಳೆದುಕೊಂಡ.

ಮೊಳಕಾಲ್ಮೂರಿನ ಆ ಓಣಿಯಲ್ಲಿ ಮನೆಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಮೌನಿಕಾಳ ಅಪ್ಪ ಚೌಡೇಶನ ಮನೆ ಎಂದು ಕೇಳಿದರೆ ತೋರಿಸಿದರು. ಬಾಗಿಲಲ್ಲಿ ನಿಂತು ಅವನು ಕೂಗುವ ಮೊದಲೇ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ಗಂಡಸು ತಲೆಯೆತ್ತಿದ.

"ಅರೆ! ಕಂಡಕ್ಟರ್ ಬೋರಯ್ಯ ಅಲ್ವಾ?" ಎಂದವನಿಗೆ ಮನೆಮಾತಾದ ತೆಲುಗೇ ಬಾಯಿಗೆ ಬಂತು. "ರಂಡಿ ರಂಡಿ, ಒಳಗೆ ಬರ‍್ರಿ." ಚೌಡೇಶ ನೇಯುತ್ತಿದ್ದ ಸೀರೆಯ ಮೇಲೇ ಲಾಳಿ ಇಟ್ಟು ಎದ್ದ. "ನಮ್ ಸೀರೆ ಗಂಟು ಬಸ್ಸಲ್ಲಿ ಬಿಟ್ಟೋದಾಗ ತಂದುಕೊಟ್ಟೋರು ನೀವಲ್ವಾ. ಗೋವಿಂದಮ್ಮಾ, ನೀರು ತಾ!"

ರಾಟೆ ಮುಂದೆ ರೇಷ್ಮೆ ಸುತ್ತುತ್ತಿದ್ದ ಹೆಂಡತಿ ಎದ್ದು ಹೋದಳು. ಮೂಲೆಯಲ್ಲಿ ಚಾಪೆಯ ಮೇಲೆ, ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಮೌನಿಕಾ ಮಲಗಿದ್ದಳು. ಅವಳು ಬೋರಯ್ಯನನ್ನು ನೋಡಿದಳು. ಅವಳ ಕಣ್ಣು ದೊಡ್ಡವಾದವು.

"ಚಳ್ಳಕೆರೆ ಜಿಮ್ಮಿಗೆ ನಾನೂ ಹೋಗ್ತಿದ್ದೆ," ಎಂದ ಬೋರಯ್ಯ. "ಹುಡುಗಿಗೆ ಹಿಂಗಾಯ್ತು ಅಂತ ತಿಳೀತು. ಅದಕ್ಕೇ..."

"ನೋಡ್ರಿ, ಎಂಥಾ ಮನುಷ್ಯ! ನೋಡೋಕೆ ಬಂದ್ರು," ಎಂದು ಚೌಡೇಶ ಮಗಳ ಕಡೆ ತಿರುಗಿದ. "ಇವಳು ಯಾರ ಮಾತೂ ಕೇಳಲ್ಲ. ತಾನೇ ಜಾಸ್ತಿ ಭಾರ ಹಾಕ್ಕಂಡು ಎತ್ತೋಕೆ ಹೋಗಿ ಹಿಂಗೆ ಮಾಡ್ಕಂಡವ್ಳೆ. ಅವಳೇ ಒಪ್ಕಂಡ್ಳು. ಕಾಲು ಸರಿಯಿಲ್ಲ, ಪ್ಲೇಟು ಇಟ್ಕಂಡೇ ಮಾಡು ಅಂತ ಡಾಕ್ಟ್ರು ಹೇಳಿದ್ರು, ಅದನ್ನೂ ಇಟ್ಕಂಡಿಲ್ಲ. ದೊಡ್ಡೋರ ಮಾತು ಬೇಡ್ವಂತೆ ಇವಳಿಗೆ."

ಬೋರಯ್ಯನ ಕಿವಿ ಕಾದವು. ಅವನು ಮೌನಿಕಾಳ ಕಡೆ ನೋಡಿದ. ಅವಳು ತಲೆಯನ್ನು ಒಂದೇ ಒಂದು ಸಲ, ತಂದೆಗೆ ಕಾಣದ ಹಾಗೆ, ಅಡ್ಡಡ್ಡ ಆಡಿಸಿದಳು.

ಆಗ ಅವನಿಗೆ ಅರ್ಥವಾಯಿತು. ಜಿಮ್ಮಿನಲ್ಲಿ ಒಬ್ಬ ಗಂಡಸು ಅವಳ ಹಿಂದೆ ನಿಂತು ಹೀಗೆ ಮಾಡು ಹಾಗೆ ಮಾಡು ಎಂದದ್ದು, ಅವಳ ಸಾಮಾನಿಗೆ ಕೈಹಾಕಿದ್ದು, ಹತ್ತು ಜನ ನೋಡಿದ್ದು ಈ ಮನೆಯಲ್ಲಿ ತಿಳಿದರೆ ಮತ್ತೆ ಅವಳು ಚಳ್ಳಕೆರೆಯ ಮುಖ ನೋಡಲಾರಳು. ಅದಕ್ಕೇ ತಪ್ಪನ್ನು ತಾನೇ ಹೊತ್ತು ಮಲಗಿದ್ದಾಳೆ. ಇವನು ಬಾಯಿ ಬಿಟ್ಟರೆ ಇವನ ಎದೆ ಹಗುರಾಗುತ್ತದೆ, ಅವಳ ಕಥೆ ಮುಗಿಯುತ್ತದೆ.

ಗೋವಿಂದಮ್ಮ ನೀರಿನ ಲೋಟ ತಂದಳು. ಅವನು ಕುಡಿದ.

ಚೌಡೇಶ ನಿಲ್ಲಿಸಲಿಲ್ಲ. ಮನಸ್ಸಿನಲ್ಲಿದ್ದುದೆಲ್ಲ ಹೊರಬಂತು. ಮಗ್ಗದ ಮೇಲೆ ಕೂತಿದ್ದರೆ ಬೆನ್ನು ಹೀಗಾಗುತ್ತಿರಲಿಲ್ಲ, ಬೇಡವೆಂದರೂ ಹೋದಳು, ಮದುವೆ ಆಗಬೇಕಾದ ಹುಡುಗಿ ಸೊಂಟ ಮುರಿದುಕೊಂಡಳು ಎಂದು ಓಣಿಯವರು ಆಡಿಕೊಳ್ಳುತ್ತಿದ್ದಾರೆ. ಒಂದೊಂದು ಮಾತೂ ಆ ಚಾಪೆಯ ಮೇಲೆ ಬೀಳುತ್ತಿತ್ತು. ಹುಡುಗಿ ಸೂರಿನತ್ತ ನೋಡುತ್ತಾ ಮಲಗಿದ್ದಳು. ತನ್ನ ಮೇಲೆ ಬೀಳಬೇಕಾದ ಮಾತೆಲ್ಲ ಅವಳ ಮೇಲೆ ಬೀಳುವುದನ್ನು ಬೋರಯ್ಯ ಕೂತು ನೋಡಬೇಕಾಯಿತು. ನಾನೇ ಕಣಪ್ಪ, ನಾನೇ. ಮಾತು ಹಲ್ಲಿನ ಹಿಂದೆ ಬಂದು ನಿಂತಿತ್ತು. ಅವನು ದವಡೆ ಬಿಗಿಹಿಡಿದ.

ಕೊನೆಗೆ ಚೌಡೇಶ ಅವನೆದುರು ನೆಲದ ಮೇಲೇ ಕೂತ. "ನೀವು ನಾಕು ಊರು ಕಂಡೋರು. ನೀವೇ ಹೇಳ್ರಿ. ಈ ಪೊಲೀಸು, ಈ ಜಿಮ್ಮು, ಇವೆಲ್ಲ ನಮ್ಮಂಥೋರ ಹೆಣ್ಮಕ್ಳಿಗೆ ಬೇಕಾ? ನೀವು ಬೇಡ ಅನ್ರಿ, ಇವತ್ತೇ ಬಿಡಿಸ್ತೀನಿ. ಹೋಗ್ಲಿ ಅನ್ರಿ, ಕಳಿಸ್ತೀನಿ."

ಗೋವಿಂದಮ್ಮನ ಕೈ ರಾಟೆಯ ಮೇಲೆ ನಿಂತಿತು. ಮೌನಿಕಾ ಸೂರಿನಿಂದ ಕಣ್ಣು ತೆಗೆದು ಅವನನ್ನು ನೋಡಿದಳು.

ಇಷ್ಟು ವರ್ಷದಲ್ಲಿ ಬೋರಯ್ಯನನ್ನು ಯಾರೂ ಹೀಗೆ ಎದುರಿಗೆ ಕೂತು ಕೇಳಿದ್ದಿಲ್ಲ. ಹೋಗಲಿ ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಹಾಗೆಂದರೆ ಅವಳಿಗೆ ಒಳ್ಳೆಯದೇ ಆಗುತ್ತಿತ್ತು. ಆದರೆ ಅಂದೂ ಅವನು ಒಳ್ಳೆಯದೆಂದೇ ಹೇಳಿದ್ದ. ಪಕ್ಕದ ಮನೆಯ ಮಗ್ಗ ಮಾತ್ರ ಬಡಿಯುತ್ತಿತ್ತು.

"ನಂಗೊತ್ತಿಲ್ಲಪ್ಪ," ಎಂದ. "ಅವಳ ಕಾಲು, ಅವಳ ಬೆನ್ನು. ನಂಗೇನು ಗೊತ್ತಾಗ್ತೈತೆ. ಅವಳನ್ನೇ ಕೇಳು."

ಚೌಡೇಶ ಈ ಉತ್ತರ ನಿರೀಕ್ಷಿಸಿರಲಿಲ್ಲ. ಅವನ ಮುಖ ಬಿಗಿಯಿತು. ಕೇಳಿದ್ದಕ್ಕೆ ನೇರವಾಗಿ ಹೇಳದೆ ಹುಡುಗಿಯ ಕಡೆ ತಿರುಗಿಸುತ್ತಾನಲ್ಲ ಎಂಬ ಸಿಟ್ಟು ಕಣ್ಣಲ್ಲಿ ಆಡಿತು. ಎದ್ದು ಹೋಗು ಎನ್ನುತ್ತಾನೆಂದೇ ಬೋರಯ್ಯ ಎಣಿಸಿದ. ಆದರೆ ಬಂದವರೆದುರು ಕೇಳಿಯಾಗಿತ್ತು. ಚೌಡೇಶ ತಿರುಗದೆಯೇ, "ಏನಮ್ಮಾ, ಹೇಳು," ಎಂದ.

ಮೌನಿಕಾ ಮೊಣಕೈ ಊರಿ ಎದ್ದು ಕೂತಳು. ಕೂರುವುದಕ್ಕೇ ಸುಮಾರು ಹೊತ್ತು ಹಿಡಿಯಿತು. ತಾಯಿ ಹಿಡಿಯಲು ಹೋದರೆ ಬೇಡವೆಂದಳು.

"ಹೋಗ್ತೀನಿ ನಾನ್ನಾ," ಎಂದಳು ಅಪ್ಪನಿಗೆ. "ಈ ಸಲ ಆಗ್ಲಿಲ್ಲ ಅಂದ್ರೆ ಮುಂದಿನ ಸಲ. ಬಿಡಿಸಿದ್ರೂ ಮನೇಲೇ ಮಾಡ್ತೀನಿ."

ಗೋವಿಂದಮ್ಮ ದಾರ ಹಿಡಿದ ಕೈಯಲ್ಲೇ, ಗಂಡನ ಮುಖ ನೋಡದೆ, "ಪೋನೀಲೇ," ಎಂದಳು. ಹೋಗಲಿ ಬಿಡಿ ಎಂದು. ಚೌಡೇಶ ಏನೋ ಗೊಣಗುತ್ತಾ ಮಗ್ಗದ ಗುಂಡಿಗಿಳಿದ. ಹೊರಡುವ ಮುನ್ನ ಬೋರಯ್ಯನ ಫೋನ್ ನಂಬರು ಮಾತ್ರ ಕೇಳಿ ಬರೆದುಕೊಂಡ.

ಬೋರಯ್ಯ ಚಪ್ಪಲಿ ಮೆಟ್ಟುತ್ತಿರುವಾಗ ಗೋಡೆ ಹಿಡಿದುಕೊಂಡು ಮೌನಿಕಾ ಬಾಗಿಲಿಗೆ ಬಂದಳು. ಒಳಗೆ ಲಾಳಿ ಓಡುವ ಸದ್ದಿತ್ತು.

"ಯಾಕೆ ಬಂದ್ರಿ ಸಾರ್?"

"ಅಮ್ಮಾ, ನಾನು..."

"ಅಪ್ಪಂಗೆ ಗೊತ್ತಾಗಿದ್ರೆ? ನೀವು ಬಾಯ್ ಬಿಡ್ತೀರಿ ಅಂತ ನನ್ ಜೀವ ಹೋಗಿ ಬಂತು. ಯಾವತ್ತೂ ಹೇಳ್ಬೇಡಿ. ಇನ್ನೊಂದ್ಸಲ ಬರ್ಲೂಬೇಡಿ."

ಅವನು ಕೈ ಮುಗಿಯಲು ಎತ್ತಿದ. ಅಷ್ಟರಲ್ಲಿ ಅವಳು ಒಳಗೆ ತಿರುಗಿದ್ದಳು.

ಪರೀಕ್ಷೆಗೆ ಅವಳು ಹೋದಳು. ಬೆಲ್ಟು ಬಿಗಿದುಕೊಂಡೇ ಓಡಿದಳು, ಓಟದಲ್ಲಿ ಪಾಸಾದಳು. ಉದ್ದಜಿಗಿತದಲ್ಲಿ ಮರಳಿಗೆ ಬಿದ್ದವಳಿಗೆ ತಕ್ಷಣ ಏಳಲಾಗಲಿಲ್ಲ. ಗೆರೆ ದಾಟಿರಲಿಲ್ಲ, ಮತ್ತೆ ಹಾರಲೂ ಆಗಲಿಲ್ಲ. ಇದನ್ನು ಬೋರಯ್ಯನಿಗೆ ಹೇಳಿದವಳು ಸ್ವಪ್ನ, ಸಂತೆಯಲ್ಲಿ ಸಿಕ್ಕಾಗ. ಅವನು ಕೈಯಲ್ಲಿದ್ದ ತರಕಾರಿ ಚೀಲ ನೆಲಕ್ಕಿಟ್ಟು ಒಂದು ಅಂಗಡಿಯ ಕಟ್ಟೆ ಮೇಲೆ ಕೂತುಬಿಟ್ಟ. ಒಂದು ವರ್ಷ. ಆ ವಯಸ್ಸಿನಲ್ಲಿ, ಆ ಮನೆಯಲ್ಲಿ, ಒಂದು ವರ್ಷವೆಂದರೆ ಎಷ್ಟೆಂದು ಅವನು ಕಣ್ಣಾರೆ ಕಂಡು ಬಂದಿದ್ದ.

ಮಹಾಂತೇಶ ಮತ್ತೆ ಕರೆದ. ಬೋರಯ್ಯ ಬೆಳಗಿನ ಹೊತ್ತು ಬಿಟ್ಟು ಮಧ್ಯಾಹ್ನ ಹೋಗತೊಡಗಿದ, ಮೌನಿಕಾ ಮರಳಿ ಬಂದರೆ ಅವಳಿಗೆ ತನ್ನ ಮುಖ ಕಾಣದಿರಲೆಂದು. ಅವಳು ಬಂದಳು. ಇಬ್ಬರೂ ಎದುರಾಗಲಿಲ್ಲ. ಮಧ್ಯಾಹ್ನದ ಹುಡುಗರು ಬೆನ್ನು ಬಾಗಿಸಿ ಭಾರ ಎತ್ತುವಾಗ ಅವನಿಗೆ ಈಗಲೂ ನಾಲಿಗೆ ತುರಿಸುತ್ತದೆ. ಎದ್ದು ಹೋಗಿ ಕಿಟಕಿಯಲ್ಲಿ ನಿಲ್ಲುತ್ತಾನೆ. ಒಂದೊಂದು ಸಲ ತಡೆಯಲಾರದೆ, "ನೋಡಪ್ಪ, ಒಂದು ಮಾತು ಹೇಳ್ಲಾ?" ಎಂದು ಕೇಳುತ್ತಾನೆ. ಬೇಡ ತಾತ ಎಂದವರೂ ಇದ್ದಾರೆ. ಆ ಮಾತು ಅವನಿಗೆ ಇನ್ನೂ ಚುಚ್ಚುತ್ತದೆ.

ಮುಂದಿನ ವರ್ಷ ಒಂದು ಬೆಳಿಗ್ಗೆ ಫೋನ್ ಬಂತು. ಚೌಡೇಶ. ಕೂಗುತ್ತಿದ್ದ, ಹಿಂದೆ ಮನೆ ತುಂಬ ಗದ್ದಲ.

"ಬೋರಯ್ಯನೋರೆ, ಆಯ್ತು! ಹುಡುಗಿ ಸೆಲೆಕ್ಟ್ ಆದ್ಲು! ಮೊದ್ಲು ನಿಮ್ಗೇ ಹೇಳ್ಬೇಕು ಅನ್ನಿಸ್ತು. ಆವತ್ತು ನೀವು ಬಂದು ಅವಳನ್ನೇ ಕೇಳು ಅನ್ನದಿದ್ರೆ ನಾನು ಬಿಡಿಸೇ ಬಿಡ್ತಿದ್ದೆ. ನಿಮ್ಮ ಋಣ ತೀರಿಸೋಕಾಗಲ್ಲ."

ಆ ಕೃತಜ್ಞತೆ ಬೋರಯ್ಯನ ಒಳಗೆ ಬೆಂಕಿಯಂತೆ ಇಳಿಯಿತು. ಈಗಲಾದರೂ ಹೇಳಿಬಿಡಲೇ? ಈಗ ಹೇಳಿದರೆ ಏನಾದೀತು? ಫೋನಿನೊಳಗೆ ಚೌಡೇಶ ಇನ್ನೂ ಹೊಗಳುತ್ತಿದ್ದ. ಯಾವತ್ತೂ ಹೇಳ್ಬೇಡಿ ಎಂದಿದ್ದಳು ಅವಳು.

"ಭಾಳ ಒಳ್ಳೇದಾಯ್ತು ಕಣಪ್ಪ," ಎಂದಷ್ಟೇ ಹೇಳಿದ.

"ಯಾರ‍್ರೀ ಅದು?" ಎಂದಳು ಮುದ್ದಕ್ಕ, ಮೊರದಲ್ಲಿ ಶೇಂಗಾ ಹಸನು ಮಾಡುತ್ತಾ. ಅವನ ಮುಖ ನೋಡಿ ಮೊರ ಕೆಳಗಿಟ್ಟಳು. ಬೋರಯ್ಯ ಅವಳ ಪಕ್ಕ ಕೂತು ಎಲ್ಲವನ್ನೂ ಹೇಳಿದ. ಪ್ಲೇಟು ತೆಗೆದದ್ದು, ಬಾರು ಬಿದ್ದದ್ದು, ಮಷೀನು ರಿಪೇರಿ ಎಂದು ಸುಳ್ಳು ಹೇಳಿದ್ದು, ಮೊಳಕಾಲ್ಮೂರಿನ ಚಾಪೆ. ಮುದ್ದಕ್ಕ ನಡುವೆ ಬಾಯಿ ಹಾಕಲಿಲ್ಲ.

"ಆ ಹುಡುಗಿಗೆ ತಪ್ಪಾಯ್ತು ಅಂದ್ರಾ?" ಎಂದು ಕೊನೆಗೆ ಕೇಳಿದಳು.

"ಅನ್ನೋಕೆ ಆಗ್ಲೇ ಇಲ್ಲ."

"ಈಗ ಹೋಗಿ ಹೇಳ್ಬೇಕು ಅನ್ಸುತ್ತಾ?"

"ದಿನಾ ಅನ್ಸುತ್ತೆ. ಆದ್ರೆ ಬರ್ಬೇಡಿ ಅಂದವ್ಳೆ."

"ಹಂಗಾರೆ ಹೋಗ್ಬೇಡಿ," ಎಂದಳು ಮುದ್ದಕ್ಕ.

ಬೋರಯ್ಯ ಹೋಗಲಿಲ್ಲ.